ಮೂಗಿಗಿಂತ ಮೂಗುತಿ ಭಾರವಾಗದಂತೆ: ಕಂಪ್ಯೂಟರಿಗೆ ಬೇಕಾದ ಜೊತೆ ಸಾಮಾನು ಕೊಳ್ಳುವ ಕ್ರಮ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಥದೇ ಒಂದು ಭರಣಿ ಮಳೆಯ ಸಂಜೆ ನನ್ನ ಕಂಪ್ಯೂಟರಿನ ಮದರ್‌ಬೋರ್ಡು ಸುಟ್ಟುಹೋಯಿತು. ಮಂಡ್ಯದಲ್ಲಿ ಡಿಟಿಪಿ ಕೆಲಸ ಮಾಡುವವಳು ನಾನು. ಮೇ ತಿಂಗಳೆಂದರೆ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು ಅಂತ ಕೈತುಂಬ ಕೆಲಸ. ಗುಡುಗು ಕೇಳಿದ್ದೇ ಗೋಡೆಯಿಂದ ಪ್ಲಗ್ಗು ಕಿತ್ತಿದ್ದೆ. ತಾರಸಿಯಿಂದ ಇಳಿದು ಬಂದಿದ್ದ ಇಂಟರ್‌ನೆಟ್ಟಿನ ತಾಮ್ರದ ಕೇಬಲ್ಲನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಸಿಡಿಲಿನ ಹೊಡೆತ ಆ ದಾರಿಯಲ್ಲಿ ಒಳಗೆ ಬಂತು.

ರಿಪೇರಿಗೆ ಕೊಟ್ಟು ಬಂದ ರಾತ್ರಿ ಮೇಜಿನ ಮುಂದೆ ಕೂತು ನೋಡಿದೆ. ಬಣ್ಣದ ದೀಪದ ಕೀಬೋರ್ಡು, ಫ್ಯಾನಿರುವ ಪ್ಯಾಡು, ಒಂದು ಯುಎಸ್‌ಬಿ ಕಿಂಡಿಯನ್ನು ಹಲವು ಮಾಡುವ ನಾಲ್ಕಾರು ಹಬ್ಬುಗಳು, ಡ್ರಾಯರ್ ತುಂಬ ಕೇಬಲ್ಲು. ವರ್ಷಗಟ್ಟಲೆ ಒಂದೊಂದಾಗಿ ಕೊಂಡು ತಂದವು. ಮಾಡಿದ ಕೆಲಸದ ಎರಡನೆಯ ಪ್ರತಿ ಇಡಲು ಒಂದು ಡಿಸ್ಕು ಮಾತ್ರ ಇರಲಿಲ್ಲ. ಒಳಗಿನ ಹಾರ್ಡ್ ಡಿಸ್ಕು ಬದುಕಿ ಉಳಿದದ್ದು ನನ್ನ ಪುಣ್ಯ.

ಅಂದಿನಿಂದ ಯಾರು ಕೇಳಿದರೂ ಈ ಕ್ರಮ ಹೇಳುತ್ತಿದ್ದೇನೆ: ಮೊದಲು ಕರೆಂಟು, ಆಮೇಲೆ ನಕಲು, ಆಮೇಲೆ ನಮ್ಮ ಮೈ, ಕೊನೆಗೆ ವೇಗ ಮತ್ತು ಅನುಕೂಲ. ಮನೆಯಿಂದ ಕೆಲಸ ಮಾಡುವವರು, ಎಂಜಿನಿಯರಿಂಗ್ ಓದುವ ಮಕ್ಕಳು, ಗ್ರಾಮ ಒನ್ ಕೇಂದ್ರ ನಡೆಸುವವರು, ಹಳ್ಳಿಯ ಟ್ಯೂಷನ್ ಮೇಷ್ಟ್ರು, ಯಾರಿಗಾದರೂ ಇದು ಹೊಂದುತ್ತದೆ. ಕೈಯಲ್ಲಿ ಮೂರು ಸಾವಿರ ಇರಲಿ, ಮೂವತ್ತು ಸಾವಿರ ಇರಲಿ, ಕ್ರಮ ಬದಲಾಗುವುದಿಲ್ಲ.

ಅಂಗಡಿಗೆ ಹೋಗುವ ಮುಂಚೆ ಒಂದು ವಾರ

ಕಂಪ್ಯೂಟರಿನ ಪಕ್ಕ ಒಂದು ಹಾಳೆ ಇಡಿ. ಕೆಲಸ ನಿಂತಾಗಲೆಲ್ಲ ಏಕೆ ನಿಂತಿತು ಅಂತ ಒಂದು ಸಾಲು ಬರೆಯಿರಿ. ಕರೆಂಟ್ ಹೋಯಿತು, ಫೈಲು ಸಿಗಲಿಲ್ಲ, ಕುತ್ತಿಗೆ ನೋಯಿತು, ವೈಫೈ ಬಿಟ್ಟುಹೋಯಿತು, ಪೆನ್‌ಡ್ರೈವ್ ಹಾಕಲು ಜಾಗವಿರಲಿಲ್ಲ. ವಾರ ಕಳೆದ ಮೇಲೆ ಯಾವ ಸಾಲು ಹೆಚ್ಚು ಸಲ ಬಂದಿದೆಯೋ ಅದಕ್ಕೆ ದುಡ್ಡು ಹಾಕಬೇಕು. ಜಾಹೀರಾತು ನೋಡಿ ಬಂದ ಆಸೆಗೂ ಈ ಹಾಳೆಗೂ ಎಷ್ಟು ದೂರ ಅನ್ನುವುದು ಆಗ ಕಾಣುತ್ತದೆ.

ಅದೇ ಹಾಳೆಯ ಹಿಂದೆ ಯಂತ್ರದ ಕಿಂಡಿಗಳನ್ನು ಬರೆದುಕೊಳ್ಳಿ: ಹಳೆಯ ಚಪ್ಪಟೆ ಯುಎಸ್‌ಬಿ ಎಷ್ಟು, ಹೊಸ ಟೈಪ್-ಸಿ ಎಷ್ಟು, ಎಚ್‌ಡಿಎಂಐ ಇದೆಯೇ, ಇಂಟರ್‌ನೆಟ್ ಕೇಬಲ್ಲು ಹಾಕುವ ಲ್ಯಾನ್ ಇದೆಯೇ. ಅಡಾಪ್ಟರಿನ ಮೇಲೆ ಅಚ್ಚಾದ ವೋಲ್ಟು, ಆಂಪಿಯರನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತು ನೆನಪು ಮಾಡಿಕೊಳ್ಳುವಾಗಲೇ ತಪ್ಪು ಸಾಮಾನು ಮನೆಗೆ ಬರುವುದು.

ಮೊದಲು ಗೋಡೆಯ ಸಾಕೆಟ್ಟು

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆ ನಮ್ಮದು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ಸಾಕೆಟ್ಟಿನ ಮೂರನೆಯ ತೂತು ಹೆಸರಿಗೆ ಮಾತ್ರ ಇದೆ, ಅದರ ಹಿಂದೆ ಅರ್ಥಿಂಗ್ ಇಲ್ಲ. ಚಾರ್ಜಿಗೆ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಅರ್ಥ್ ಇಲ್ಲದಿರುವುದರ, ಇಲ್ಲವೇ ಎರಡು ಪಿನ್ನಿನ ಪ್ಲಗ್ ಬಳಸಿರುವುದರ ಗುರುತು ಅದು.

ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಮೀಟರಿನಲ್ಲಿ ಅಳೆಯಿಸಿ. ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು, ಫೇಸಿಗೂ ಅರ್ಥಿಗೂ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು, ನ್ಯೂಟ್ರಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಬೀದಿಯಲ್ಲಿ ಸಿಗುವ ಸ್ಕ್ರೂಡ್ರೈವರಿನಂಥ ಟೆಸ್ಟರ್ ಫೇಸ್ ಎಲ್ಲಿದೆ ಅಂತ ಹೇಳೀತು, ಅರ್ಥಿಂಗ್ ಚೆನ್ನಾಗಿದೆಯೇ ಅಂತ ಹೇಳಲಾರದು. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥ್ ಗುಂಡಿಯ ಗುಣ ಇಳಿಯುತ್ತದೆ. ಹಿಂದಿನವರು ಅದಕ್ಕೆ ಆಗಾಗ ನೀರು ಹೊಯ್ಯುತ್ತಿದ್ದರು, ಈಗಲೂ ಹೊಯ್ಯಬೇಕು.

ಇಷ್ಟಾದ ಮೇಲೆ ಸ್ಪೈಕ್ ಗಾರ್ಡ್. ಅಂಗಡಿಯಲ್ಲಿ ಈ ಹೆಸರಿನಲ್ಲಿ ಎರಡು ಬಗೆ ಸಾಮಾನು ಸಿಗುತ್ತದೆ. ಒಂದು, ಬರೀ ಸಾಕೆಟ್ಟುಗಳನ್ನು ಸಾಲಾಗಿ ಜೋಡಿಸಿದ ಎಕ್ಸ್‌ಟೆನ್ಷನ್ ಬೋರ್ಡು. ಇನ್ನೊಂದರ ಒಳಗೆ ಏರಿದ ವೋಲ್ಟೇಜನ್ನು ನುಂಗುವ ಬಿಡಿಭಾಗ ನಿಜಕ್ಕೂ ಇರುತ್ತದೆ. ಡಬ್ಬದ ಮೇಲೆ ಎಷ್ಟು ಜೂಲ್ ತಡೆಯುತ್ತದೆ ಅಂತ ಬರೆದಿದ್ದರೆ ಮಾತ್ರ ಎರಡನೆಯದೆಂದು ನಂಬಿ. ಆ ಬಿಡಿಭಾಗ ಪ್ರತಿ ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ರಕ್ಷಣೆ ಇದೆ ಎಂದು ತೋರಿಸುವ ದೀಪ ಆರಿದರೆ ಬೋರ್ಡು ಬದಲಾಯಿಸಬೇಕು, ಸಾಕೆಟ್ಟುಗಳಲ್ಲಿ ಕರೆಂಟು ಬರುತ್ತಿದ್ದರೂ ಸರಿ. ಒಂದು ಗಾರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. 6 ಆಂಪಿಯರಿನ ಬೋರ್ಡು ಹೊರುವುದು ಸುಮಾರು 1380 ವ್ಯಾಟನ್ನು. ಅದಕ್ಕೆ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಹಾಕಿ, ಪಕ್ಕದಲ್ಲೇ ಕಂಪ್ಯೂಟರ್ ಹಾಕುವುದು ಸಲ್ಲ.

ಇದೆಲ್ಲ ಇದ್ದರೂ ಸಿಡಿಲಿಗೆ ಮದ್ದು ಒಂದೇ: ಕಿತ್ತಿಡುವುದು. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮೋಡ ಕಟ್ಟಿದರೆ ಪ್ಲಗ್ಗಿನ ಜೊತೆಗೆ ಲ್ಯಾನ್ ಕೇಬಲ್ಲನ್ನೂ ಕೀಳಿ. ಫೈಬರಿನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ ಅನ್ನುವುದು ನಿಜ. ಆದರೆ ಅದು ಬಂದು ಸೇರುವ ಪೆಟ್ಟಿಗೆಯ ಅಡಾಪ್ಟರ್ ಗೋಡೆಗೇ ಸಿಕ್ಕಿಕೊಂಡಿರುತ್ತದೆ, ಆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಬರುವುದು ತಾಮ್ರವೇ.

ಯುಪಿಎಸ್ ಮತ್ತು ರೂಟರಿನ ಪುಟ್ಟ ಬ್ಯಾಟರಿ

ಡೆಸ್ಕ್‌ಟಾಪ್ ಇರುವವರಿಗೆ, ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಬೇಕೇ ಬೇಕು. ಡಬ್ಬದ ಮೇಲಿನ 600 ವಿಎ ಎಂಬ ಸಂಖ್ಯೆ ವ್ಯಾಟ್ ಅಲ್ಲ. ಅಂಥ ಯುಪಿಎಸ್ ಹೊರುವುದು ಸಾಮಾನ್ಯವಾಗಿ 360 ವ್ಯಾಟ್. ಕಚೇರಿ ಕೆಲಸದ ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 120 ವ್ಯಾಟ್ ತಿಂದರೆ ಅದು ಧಾರಾಳ ಸಾಕು. ಎಷ್ಟು ಹೊತ್ತು ಬರುತ್ತದೆ ಅನ್ನುವುದಕ್ಕೆ ಬ್ಯಾಟರಿ ನೋಡಿ. 12 ವೋಲ್ಟು, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್-ಗಂಟೆ. ಕಾಗದದ ಮೇಲೆ ಅದು ಮುಕ್ಕಾಲು ಗಂಟೆಗೆ ಹತ್ತಿರ. ಬೇಗ ಬೇಗ ಎಳೆದಾಗ ಈ ಬ್ಯಾಟರಿ ಪೂರ್ತಿ ಕೊಡುವುದಿಲ್ಲ, ಪರಿವರ್ತನೆಯಲ್ಲೂ ಸೋರುತ್ತದೆ, ಕೈಗೆ ಸಿಗುವುದು ಅದರ ಅರ್ಧವೂ ಇಲ್ಲ. ಆ ಹೊತ್ತು ಫೈಲ್ ಉಳಿಸಿ, ಯಂತ್ರವನ್ನು ನೆಮ್ಮದಿಯಾಗಿ ಮುಚ್ಚಲು. ಕೆಲಸ ಮುಂದುವರಿಸಲು ಅಂತ ಕೊಂಡವರು ನಿರಾಶರಾಗುತ್ತಾರೆ.

ಬ್ಯಾಟರಿ ಹಾಕಿಸಿದ ದಿನಾಂಕವನ್ನು ಯುಪಿಎಸ್ಸಿನ ಬೆನ್ನ ಮೇಲೆ ಮಾರ್ಕರಿನಲ್ಲಿ ಬರೆಯಿರಿ. ಎರಡು ಮೂರು ವರ್ಷಕ್ಕೆ ಅದು ಸೊರಗುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲ ಫೈಲು ಉಳಿಸಿ, ಗೋಡೆಯ ಸ್ವಿಚ್ ಆರಿಸಿ, ಎಷ್ಟು ನಿಮಿಷ ನಿಲ್ಲುತ್ತದೆ ನೋಡಿ. ನನಗೆ ಪರಿಚಯದ ಒಬ್ಬ ಶಿಕ್ಷಕಿಯ ಮನೆಯಲ್ಲಿ ಯುಪಿಎಸ್ ವರ್ಷಗಟ್ಟಲೆ ಹಸಿರು ದೀಪ ಉರಿಸುತ್ತ ಕೂತಿತ್ತು. ಕರೆಂಟ್ ಹೋದ ದಿನ ಅರೆಗಳಿಗೆಯೂ ನಿಲ್ಲಲಿಲ್ಲ. ಪರೀಕ್ಷೆಯ ಅಂಕಪಟ್ಟಿ ಹೋಯಿತು.

ಲೇಸರ್ ಪ್ರಿಂಟರನ್ನು ಯುಪಿಎಸ್ಸಿಗೆ ಹಾಕಬೇಡಿ. ಕಾಗದದ ಮೇಲೆ ಪುಡಿಯನ್ನು ಕಾಯಿಸಿ ಅಂಟಿಸುವ ಅದರ ಉರುಳೆ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ. ಮನೆಗೆಲ್ಲ ಇನ್ವರ್ಟರ್ ಇದ್ದರೆ ಅದರ ಹಿಂದೆ ಒಂದು ಪುಟ್ಟ ಸ್ವಿಚ್ ಇದೆಯೇ ಹುಡುಕಿ, ಬಹಳ ಇನ್ವರ್ಟರುಗಳಲ್ಲಿ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ತಿರುಗಿಸಿದರೆ ಕಂಪ್ಯೂಟರ್ ಆರದಷ್ಟು ಬೇಗ ಬ್ಯಾಟರಿಗೆ ಬದಲಾಗುತ್ತದೆ. ಹೊಸ ಇನ್ವರ್ಟರ್ ಕೊಳ್ಳುವವರು ಗೋಡೆಯ ಕರೆಂಟಿನಂಥದೇ ಅಲೆ ಕೊಡುವ ಸೈನ್ ವೇವ್ ಬಗೆಯದನ್ನೇ ಕೇಳಿ.

ಲ್ಯಾಪ್‌ಟಾಪ್ ಇರುವವರಿಗೆ ಅದರದೇ ಬ್ಯಾಟರಿ ಇದೆ. ಆದರೆ ಕರೆಂಟ್ ಹೋದ ಕೂಡಲೇ ವೈಫೈ ಸತ್ತರೆ ಆನ್‌ಲೈನ್ ಮೀಟಿಂಗು, ತರಗತಿ ಎಲ್ಲ ಅಲ್ಲಿಗೇ ನಿಂತಿತು. ಪಾಂಡವಪುರ, ನಾಗಮಂಗಲ, ಮಳವಳ್ಳಿ ಕಡೆಯ ಹಳ್ಳಿಗಳಿಂದ ಕೆಲಸ ಮಾಡುವವರಿಗೆ ನಾನು ಕೊಳ್ಳಿ ಅಂತ ಒತ್ತಾಯ ಮಾಡುವ ಸಾಮಾನು ಒಂದೇ: ರೂಟರಿಗೆ ಹಾಕುವ ಪುಟ್ಟ ಡಿಸಿ ಯುಪಿಎಸ್. ಅಂಗೈಯಗಲದ ಡಬ್ಬ, ಒಳಗೆ ಲಿಥಿಯಂ ಸೆಲ್ಲು. ಅಡಾಪ್ಟರಿಗೂ ರೂಟರಿಗೂ ಮಧ್ಯೆ ಕೂರುತ್ತದೆ. ಅದರ ಸಾಮರ್ಥ್ಯವನ್ನು ಮಿಲಿಆಂಪಿಯರ್-ಗಂಟೆಯಲ್ಲಿ ದೊಡ್ಡದಾಗಿ ಬರೆದಿರುತ್ತಾರೆ. ಆ ಸಂಖ್ಯೆಯನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ. 8800 ಅಂತಿದ್ದರೆ ಸುಮಾರು 32 ವ್ಯಾಟ್-ಗಂಟೆ. 8 ವ್ಯಾಟ್ ತಿನ್ನುವ ರೂಟರು ಅದರಲ್ಲಿ ಸೋರಿಕೆ ಕಳೆದೂ ಮೂರು ಗಂಟೆ ನಡೆಯುತ್ತದೆ.

ಕೊಳ್ಳುವಾಗ ನೋಡಬೇಕಾದ್ದು ಮೂರು. ರೂಟರಿನ ಅಡಾಪ್ಟರ್ 9 ವೋಲ್ಟಿನದೋ 12 ವೋಲ್ಟಿನದೋ, ಎಷ್ಟು ಆಂಪಿಯರಿನದು, ಪಿನ್ನಿನ ನಡುವಿನ ಭಾಗ ಪ್ಲಸ್ಸೋ ಮೈನಸ್ಸೋ. ಕೊನೆಯದನ್ನು ಅಡಾಪ್ಟರಿನ ಮೇಲೆ ಪುಟ್ಟ ವೃತ್ತದ ಚಿತ್ರದಲ್ಲಿ ತೋರಿಸಿರುತ್ತಾರೆ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟು ಬೇಕು ಅನ್ನುವುದನ್ನು ಮರೆಯಬೇಡಿ. ಬಡಾವಣೆಯ ಕೇಬಲ್ಲಿನವರ ಕಡೆಯೂ ಬ್ಯಾಟರಿ ಇದ್ದರೆ ಮಾತ್ರ ಇಂಟರ್‌ನೆಟ್ ಬರುತ್ತದೆ, ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಕಲು

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಬ್ಯಾಕಪ್ ವಿಷಯದಲ್ಲಿ ನಾವೆಲ್ಲರೂ ಮಾಡುವುದು ಅದನ್ನೇ.

ಮೂರು ಪ್ರತಿ, ಎರಡು ಬಗೆಯ ಜಾಗ, ಅದರಲ್ಲಿ ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿರುವುದು ಒಂದು, ಹೊರಗಿನ ಡಿಸ್ಕಿನಲ್ಲಿ ಇನ್ನೊಂದು. ಮೂರನೆಯದು ಕ್ಲೌಡಿನಲ್ಲಿ, ಇಲ್ಲವೇ ಬೇರೆ ಊರಿನ ಡಿಸ್ಕಿನಲ್ಲಿ. ನನ್ನ ಮೂರನೆಯ ಪ್ರತಿ ಮೈಸೂರಿನ ಸರಸ್ವತಿಪುರಂನಲ್ಲಿ ಅಕ್ಕನ ಮನೆಯ ಬೀರುವಿನಲ್ಲಿದೆ. ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗುವಾಗ ಒಂದು ಡಿಸ್ಕು ಒಯ್ಯುತ್ತೇನೆ, ಅಲ್ಲಿದ್ದದ್ದನ್ನು ತರುತ್ತೇನೆ. ಮನೆಗೆ ನೀರು ನುಗ್ಗಲಿ, ಕಳ್ಳರು ಬರಲಿ, ಹತ್ತು ವರ್ಷದ ಕೆಲಸ ಎಲ್ಲೋ ಒಂದು ಕಡೆ ಇರುತ್ತದೆ.

ಹೊರಗಿನ ಡಿಸ್ಕಿನಲ್ಲಿ ಎರಡು ಬಗೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ಬೆಲೆ ಕಡಿಮೆ, ಜಾಗ ಹೆಚ್ಚು, ಬಿದ್ದರೆ ಹೋಯಿತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬೆಲೆ ಹೆಚ್ಚು, ಬ್ಯಾಗಿನಲ್ಲಿ ಓಡಾಡಲು ಅದೇ ವಾಸಿ. ಬರೀ ಮನೆಯಲ್ಲಿಟ್ಟು ನಕಲು ತೆಗೆಯಲು ತಟ್ಟೆಯ ಡಿಸ್ಕು ಸಾಕು, ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿಸಿಡಲೂ ಅದನ್ನೇ ನೆಚ್ಚುತ್ತೇನೆ. ಕರೆಂಟು ಕಾಣದೆ ಬಹಳ ಕಾಲ ಬಿದ್ದ ಎಸ್‌ಎಸ್‌ಡಿಯಲ್ಲಿ ದತ್ತಾಂಶ ಮಾಸಬಹುದು.

ಯಾವ ಕಿಂಡಿಗೆ ಹಾಕುತ್ತೀರಿ ಅನ್ನುವುದೂ ಮುಖ್ಯ. ಯುಎಸ್‌ಬಿ 2.0 ಕಿಂಡಿಯ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಕೈಗೆ ಹತ್ತುವುದು ಸುಮಾರು 35 ಮೆಗಾಬೈಟ್. ಆ ವೇಗದಲ್ಲಿ 100 ಜಿಬಿ ಮದುವೆಯ ವಿಡಿಯೊ ನಕಲಾಗಲು ಮುಕ್ಕಾಲು ಗಂಟೆ ಬೇಕು. ಅದೇ ಒಳ್ಳೆಯ ಎಸ್‌ಎಸ್‌ಡಿಯನ್ನು 5 ಗಿಗಾಬಿಟ್ಟಿನ ಯುಎಸ್‌ಬಿ 3 ಕಿಂಡಿಗೆ ಹಾಕಿದರೆ ನಾಲ್ಕೈದು ನಿಮಿಷ. ಯುಎಸ್‌ಬಿ 3 ಕಿಂಡಿಯ ಒಳನಾಲಗೆ ಹಲವು ಯಂತ್ರಗಳಲ್ಲಿ ನೀಲಿ ಇರುತ್ತದೆ.

ಪೆನ್‌ಡ್ರೈವನ್ನು ನಕಲಿನ ಜಾಗ ಅಂತ ಎಣಿಸಬೇಡಿ, ಅದು ಸಾಗಿಸುವ ಚೀಲ ಅಷ್ಟೇ. ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಕಂಡರೆ ಮುಟ್ಟಬೇಡಿ. ಒಳಗೆ ಇರುವುದು ಅದರ ನೂರನೆಯ ಒಂದು ಪಾಲು ಇದ್ದರೂ ಇದ್ದೀತು. ಕಂಪ್ಯೂಟರಿಗೆ ಮಾತ್ರ 2 ಟಿಬಿ ಇದೆ ಅಂತ ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ ಫೈಲು ಹೆಸರು ತೋರಿಸುತ್ತದೆ, ತೆರೆಯುವುದಿಲ್ಲ. ನನ್ನ ಪರಿಚಯದ ಒಬ್ಬ ಹುಡುಗ ಇಡೀ ಪ್ರಾಜೆಕ್ಟನ್ನು ಹಾಗೆ ಕಳೆದುಕೊಂಡ. ಯಾವುದೇ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಲ್ಲಿ ಪೂರ್ತಿ ತುಂಬಿಸಿ, ಓದಿಸಿ ನೋಡಿ. ವಾಪಸು ಮಾಡುವ ಗಡುವು ಮುಗಿಯುವ ಮೊದಲು ಈ ಕೆಲಸ ಆಗಬೇಕು.

4 ಜಿಬಿಗಿಂತ ದೊಡ್ಡ ಫೈಲು ಪೆನ್‌ಡ್ರೈವಿಗೆ ಹೋಗುತ್ತಿಲ್ಲ ಅಂದರೆ ಅದು ಕೆಟ್ಟಿಲ್ಲ, ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿದೆ. ಒಳಗಿರುವುದನ್ನು ಬೇರೆಡೆ ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಡಿಸ್ಕು ಬಂದಾಯಿತು. ಇನ್ನು ತಾನೇ ನಕಲು ತೆಗೆಯುವ ವಿಂಡೋಸಿನ ಫೈಲ್ ಹಿಸ್ಟರಿಯನ್ನು ಚಾಲೂ ಮಾಡಿ, ವಾರದ ಒಂದು ದಿನ ಗೊತ್ತು ಮಾಡಿಕೊಂಡು ಡಿಸ್ಕು ಸಿಕ್ಕಿಸಿ. ನಕಲು ಮುಗಿದ ಕೂಡಲೇ ಕಿತ್ತಿಡಿ. ಸದಾ ಸಿಕ್ಕಿಕೊಂಡೇ ಇರುವ ಡಿಸ್ಕು ಸಿಡಿಲಿಗೂ ವೈರಸ್ಸಿಗೂ ಕಂಪ್ಯೂಟರಿನ ಜೊತೆಗೇ ಬಲಿಯಾಗುತ್ತದೆ. ಆರು ತಿಂಗಳಿಗೊಮ್ಮೆ ನಕಲಿನಿಂದ ಒಂದು ಫೈಲನ್ನು ವಾಪಸು ತೆಗೆದು ತೆರೆದು ನೋಡಿ.

ಮೈಗೆ

ಲ್ಯಾಪ್‌ಟಾಪಿನ ತೊಡಕು ಅದರ ಹುಟ್ಟಿನಲ್ಲೇ ಇದೆ. ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಸರಿಯಾಗುವಂತೆ ಇಟ್ಟರೆ ಕುತ್ತಿಗೆ ಬಾಗುತ್ತದೆ, ಕಣ್ಣಿಗೆ ಸರಿಯಾಗುವಂತೆ ಎತ್ತಿದರೆ ತೋಳು ನೋಯುತ್ತದೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೂರುವವರು ಒಂದು ಸ್ಟ್ಯಾಂಡು, ಬೇರೆ ಕೀಬೋರ್ಡು, ಬೇರೆ ಮೌಸು ಈ ಮೂರನ್ನೂ ಒಟ್ಟಿಗೇ ಕೊಳ್ಳಬೇಕು. ಬರೀ ಸ್ಟ್ಯಾಂಡು ಕೊಂಡರೆ ಮಣಿಕಟ್ಟಿಗೆ ಪೆಟ್ಟು. ದುಡ್ಡು ಸಾಲದಿದ್ದರೆ ಸ್ಟ್ಯಾಂಡಿನ ಬದಲು ದಪ್ಪ ಪುಸ್ತಕ ಜೋಡಿಸಿ, ಗಾಳಿ ಹೋಗುವ ತೂತು ಮುಚ್ಚದಂತೆ ನೋಡಿಕೊಂಡರೆ ಸಾಕು.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ, ಇಲ್ಲವೇ ಸ್ವಲ್ಪ ಕೆಳಗೆ. ದೂರ ಚಾಚಿದ ತೋಳಿನಷ್ಟು. ಮೊಣಕೈ ಹೆಚ್ಚುಕಡಿಮೆ ನೇರ ಕೋನದಲ್ಲಿ. ಕಿಟಕಿ ಪಕ್ಕದಲ್ಲಿರಲಿ, ಬೆನ್ನ ಹಿಂದಿದ್ದರೆ ಪರದೆಯಲ್ಲಿ ಬಿಸಿಲು ಕಾಣುತ್ತದೆ, ಎದುರಿಗಿದ್ದರೆ ಕಣ್ಣು ಚುಚ್ಚುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕು ಅಂತ ಕಣ್ಣಿನ ಡಾಕ್ಟರು ಹೇಳುತ್ತಾರಲ್ಲ, ನಾನು ಎದುರಿನ ಮನೆಯ ತೆಂಗಿನಮರ ನೋಡುತ್ತೇನೆ.

ಮೌಸು ಕೊಳ್ಳುವಾಗ ಅಂಗಡಿಯಲ್ಲೇ ಕೈಯಿಟ್ಟು ನೋಡಿ. ಅಂಗೈ ಪೂರ್ತಿ ಕೂರಬೇಕು. ಬೆರಳ ತುದಿಯಲ್ಲಿ ಹಿಡಿಯಬೇಕಾದ ಪುಟ್ಟ ಮೌಸು ಪ್ರಯಾಣಕ್ಕೆ ಸರಿ, ಎಂಟು ಗಂಟೆಯ ಕೆಲಸಕ್ಕಲ್ಲ. ವೈರಿದ್ದರೂ ಆಗಬಹುದು, ಇಲ್ಲದಿದ್ದರೂ ಆಗಬಹುದು. ವೈರ್‌ಲೆಸ್ ಮೌಸು ತಡವರಿಸಿದರೆ ಸೆಲ್ಲು ಬದಲಿಸುವ ಮೊದಲು ಅದರ ಪುಟ್ಟ ರಿಸೀವರ್ ಎಲ್ಲಿದೆ ನೋಡಿ. ಯುಎಸ್‌ಬಿ 3 ಡಿಸ್ಕಿನ ಮಗ್ಗುಲಲ್ಲೇ ಇದ್ದರೆ ಡಿಸ್ಕಿನಿಂದ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಅಲೆಗಳನ್ನು ಕೆಡಿಸುತ್ತದೆ. ರಿಸೀವರನ್ನು ಇನ್ನೊಂದು ಬದಿಯ ಯುಎಸ್‌ಬಿ 2 ಕಿಂಡಿಗೆ ಹಾಕಿದರೆ ಬಹಳ ಸಲ ಸರಿಹೋಗುತ್ತದೆ.

ಹೊಸ ಮಾನಿಟರ್ ಕೊಳ್ಳುವವರಿಗೆ ಒಂದೇ ಮಾತು: ಎತ್ತರ ಬದಲಿಸಲು ಬರುವ ಕಾಲಿರಲಿ, ಇಲ್ಲವೇ ಬೆನ್ನಿನಲ್ಲಿ 100 ಮಿಲಿಮೀಟರ್ ಅಂತರದ ನಾಲ್ಕು ತೂತು ಇರಲಿ, ಮುಂದೆ ಮೇಜಿಗೆ ಬಿಗಿಯುವ ಮಾನಿಟರ್ ತೋಳಿಗೆ ಸಿಕ್ಕಿಸಬಹುದು.

ಕನ್ನಡ ಟೈಪ್ ಮಾಡುವವರ ಕೀಬೋರ್ಡು

ಕನ್ನಡದ ಸ್ಟಿಕ್ಕರ್ ಕೊಳ್ಳುವ ಮೊದಲು ಯಾವ ವಿನ್ಯಾಸ ಕಲಿಯುತ್ತೀರಿ ಅನ್ನುವುದನ್ನು ನಿರ್ಧರಿಸಿ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ಎಲ್ಲರ ಕೈಗೆ ಬಂದ ವಿನ್ಯಾಸದಲ್ಲಿ ಇಂಗ್ಲಿಷಿನ ‘ಕೆ’ ಕೀಲಿಗೆ ‘ಕ’ ಬರುತ್ತದೆ, ಒತ್ತಕ್ಷರಕ್ಕೆ ‘ಎಫ್’ ಕೀಲಿ ಒತ್ತಬೇಕು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಇನ್‌ಸ್ಕ್ರಿಪ್ಟಿನಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಒತ್ತಿಗೆ ‘ಡಿ’ ಕೀಲಿ. ಎರಡರ ಸ್ಟಿಕ್ಕರೂ ಬೇರೆ ಬೇರೆ. ಸ್ಟಿಕ್ಕರ್ ಅಂಟಿಸಿ ಕಲಿತವರು ಬೆರಳು ನೋಡಿಕೊಂಡೇ ಉಳಿಯುತ್ತಾರೆ ಅನ್ನುವುದು ನನ್ನ ಅನುಭವ. ವಿನ್ಯಾಸದ ಚಿತ್ರವನ್ನು ಅಚ್ಚು ಹಾಕಿ ಪರದೆಯ ಕೆಳಗೆ ಅಂಟಿಸಿಕೊಂಡರೆ ಒಂದು ತಿಂಗಳಲ್ಲಿ ಬೆರಳಿಗೇ ಬರುತ್ತದೆ.

ದಿನವಿಡೀ ನುಡಿಯ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರ ‘ಎಫ್’ ಕೀಲಿ ಉಳಿದವುಗಳಿಗಿಂತ ಬೇಗ ಸವೆಯುತ್ತದೆ, ಒತ್ತಕ್ಷರವಿಲ್ಲದ ಸಾಲು ಕನ್ನಡದಲ್ಲಿ ಅಪರೂಪ. ಹಾಗಾಗಿ ಕೀಲಿಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ ಬೇಡ. ಕೆತ್ತಿದ, ಇಲ್ಲವೇ ಎರಡು ಪ್ಲಾಸ್ಟಿಕ್ ಸೇರಿಸಿ ಎರಕ ಹೊಯ್ದ ಅಕ್ಷರದ ಕೀಬೋರ್ಡು ಬಾಳುತ್ತದೆ. ಪ್ರತಿ ಕೀಲಿಗೂ ಬೇರೆ ಸ್ವಿಚ್ಚಿರುವ ಮೆಕ್ಯಾನಿಕಲ್ ಕೀಬೋರ್ಡು ಚೆನ್ನ, ಒಂದು ಕೀಲಿ ಕೆಟ್ಟರೆ ಅದೊಂದನ್ನೇ ಬದಲಿಸಬಹುದಾದ ಬಗೆಯೂ ಇದೆ. ಸದ್ದಿನಿಂದ ಮಲಗಿದ ಮಗು ಏಳುತ್ತದೆ ಅನ್ನುವವರು ಕಡಿಮೆ ಸದ್ದಿನ ಸ್ವಿಚ್ಚು ಕೇಳಿ.

ವಿಂಡೋಸಿನ ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿಕೊಂಡರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ಟೈಪಿಂಗ್ ಬಾರದ ಹಿರಿಯರಿಗೆ ನಾನು ಕೊಡಿಸುವುದು ಬಾಯಿಯ ಹತ್ತಿರ ಮೈಕ್ ಬರುವ ಒಂದು ಯುಎಸ್‌ಬಿ ಹೆಡ್‌ಸೆಟ್. ಕ್ರೋಮಿನಲ್ಲಿ ಗೂಗಲ್ ಡಾಕ್ಸ್ ತೆರೆದು, ಧ್ವನಿ ಟೈಪಿಂಗಿನಲ್ಲಿ ಕನ್ನಡ ಆರಿಸಿ, ಓದಿದ ಹಾಗೆ ನಿಧಾನವಾಗಿ ಹೇಳಿದರೆ ಅಕ್ಷರ ಮೂಡುತ್ತದೆ. ಲ್ಯಾಪ್‌ಟಾಪಿನ ಮೈಕು ಫ್ಯಾನಿನ ಸದ್ದನ್ನೂ ಬೀದಿಯ ಸದ್ದನ್ನೂ ಎಳೆದುಕೊಂಡು ತಪ್ಪು ಮಾಡುತ್ತದೆ, ಹತ್ತಿರದ ಮೈಕಿನಿಂದ ತಪ್ಪು ಬಹಳ ಇಳಿಯುತ್ತದೆ. ಅರ್ಧವಿರಾಮ, ಪೂರ್ಣವಿರಾಮಗಳನ್ನು ಆಮೇಲೆ ಕೂತು ಹಾಕಿಕೊಳ್ಳಿ. ಹೀಗೆ ತಮ್ಮ ಬಾಲ್ಯದ ನೆನಪು ಹೇಳಿ ಬರೆಸಿದ ಶ್ರೀರಂಗಪಟ್ಟಣದ ಒಬ್ಬ ಅಜ್ಜಿಯ ಪುಟಗಳನ್ನು ನಾನೇ ತಿದ್ದಿ ಜೋಡಿಸಿದ್ದೇನೆ. ಆ ಕೆಲಸ ಕೊಟ್ಟ ಸಂತೋಷ ಬೇರೆ ಯಾವುದೂ ಕೊಟ್ಟಿಲ್ಲ.

ಹಳೆಯ ಲ್ಯಾಪ್‌ಟಾಪಿಗೆ ಹೊಸ ಉಸಿರು

ಬಹಳ ನಿಧಾನ, ಹೊಸದು ಕೊಳ್ಳಬೇಕು ಅನ್ನುವವರು ಮೊದಲು ಒಳಗೆ ತಟ್ಟೆಯ ಡಿಸ್ಕು ಇದೆಯೇ ನೋಡಿ. ಇದ್ದರೆ ಅದರ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ತಟ್ಟೆ ಸೆಕೆಂಡಿಗೆ ನೂರು, ನೂರೈವತ್ತು ಮೆಗಾಬೈಟ್ ಓದುವ ಕಡೆ ಇದು 500 ದಾಟುತ್ತದೆ. ಚಿಕ್ಕ ಚಿಕ್ಕ ಫೈಲುಗಳಲ್ಲಂತೂ ಹೋಲಿಕೆಯೇ ಇಲ್ಲ. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸಿ. ತೆಗೆದ ಹಳೆಯ ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಕೆಲವೇ ನೂರು ರೂಪಾಯಿಯ ಯುಎಸ್‌ಬಿ ಕೇಸಿನೊಳಗೆ ಅದನ್ನು ಕೂರಿಸಿದರೆ ನಕಲಿನ ಇನ್ನೊಂದು ಡಿಸ್ಕು ಸಿದ್ಧ. ವಯಸ್ಸಾದ ಡಿಸ್ಕು, ಆದ್ದರಿಂದ ಅದೊಂದನ್ನೇ ನಂಬಬಾರದು.

ಹೊಸ ಲ್ಯಾಪ್‌ಟಾಪುಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ ಇರುತ್ತದೆ. ಅದರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಜಾತಿ. ನೋಡಲು ಒಂದೇ ಥರ, ಒಂದರ ಜಾಗದಲ್ಲಿ ಇನ್ನೊಂದು ನಡೆಯದಿರಬಹುದು. ಮಾದರಿ ಸಂಖ್ಯೆ ಹಿಡಿದುಕೊಂಡು ಹೋಗಿ.

ಕೇಬಲ್ಲು, ಹಬ್ಬು, ವೈಫೈ

ಟೈಪ್-ಸಿ ಕೇಬಲ್ಲುಗಳೆಲ್ಲ ಒಂದೇ ಅಲ್ಲ. ಸಾಮಾನ್ಯ ಕೇಬಲ್ಲು ಒಯ್ಯುವುದು 3 ಆಂಪಿಯರ್, ಅಂದರೆ ಹೆಚ್ಚೆಂದರೆ 60 ವ್ಯಾಟ್. 100 ವ್ಯಾಟಿನ ಲ್ಯಾಪ್‌ಟಾಪಿಗೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರಿನ ಕೇಬಲ್ಲೇ ಬೇಕು. ಮೊಬೈಲಿನ ಜೊತೆ ಬಂದ ಕೇಬಲ್ಲು ಚಾರ್ಜು ಮಾಡಿದರೂ ಫೈಲು ಸಾಗಿಸುವುದು ಬಹುಪಾಲು ಹಳೆಯ ಯುಎಸ್‌ಬಿ 2.0 ವೇಗದಲ್ಲೇ. ಎಸ್‌ಎಸ್‌ಡಿ ನಿಧಾನ ಅಂತ ಬೈಯುವ ಮೊದಲು ಅದರ ಜೊತೆಗೇ ಬಂದ ಕೇಬಲ್ಲು ಹಾಕಿ ನೋಡಿ.

ಹಬ್ಬು ಕೊಳ್ಳುವುದಾದರೆ ಒಂದು ನೆನಪಿರಲಿ: ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, 3ರದ್ದು 900. ಅದನ್ನೇ ನಾಲ್ಕು ಸಾಮಾನು ಹಂಚಿಕೊಂಡರೆ ಡಿಸ್ಕಿಗೆ ಸಾಲದೆ ಟಿಕ್ ಟಿಕ್ ಅಂತ ನಿಂತುಹೋಗುತ್ತದೆ. ಡಿಸ್ಕು ಹಾಕುವವರು ಬೇರೆ ಅಡಾಪ್ಟರಿರುವ ಹಬ್ಬನ್ನೇ ತೆಗೆದುಕೊಳ್ಳಿ.

ವೈಫೈಯಲ್ಲಿ 5 ಗಿಗಾಹರ್ಟ್ಸ್ ವೇಗದ್ದು, ಗೋಡೆ ದಾಟಲು ಅದಕ್ಕೆ ತ್ರಾಣವಿಲ್ಲ. 2.4 ನಿಧಾನ, ದೂರ ಹೋಗುತ್ತದೆ. ಮೈಸೂರಿನ ಅಗ್ರಹಾರದಂಥ ಹಳೆಯ ಬಡಾವಣೆಯ ದಪ್ಪ ಗೋಡೆಗಳ ಮನೆಯಲ್ಲಿ ದುಬಾರಿ ರೂಟರಿಗಿಂತ ಒಂದು ಉದ್ದನೆಯ ಕ್ಯಾಟ್6 ಲ್ಯಾನ್ ಕೇಬಲ್ಲು ಹೆಚ್ಚು ಉಪಕಾರ ಮಾಡುತ್ತದೆ. ಪಿನ್ನು ಹೊಡೆಯುವವರಿಗೆ ಎಂಟೂ ತಂತಿ ಸೇರಿಸಿ ಅಂತ ಹೇಳಿ. ನಾಲ್ಕೇ ಸೇರಿಸಿದರೂ ಇಂಟರ್‌ನೆಟ್ ಬರುತ್ತದೆ, ಆದರೆ 100 ಮೆಗಾಬಿಟ್ಟಿಗೇ ನಿಲ್ಲುತ್ತದೆ. ನಾನು ಕಂಡ ಎಷ್ಟೋ ಮನೆಗಳಲ್ಲಿ 200, 300ರ ಪ್ಲಾನಿಗೆ ದುಡ್ಡು ಕಟ್ಟುತ್ತ ಆ ನಾಲ್ಕು ತಂತಿಯಲ್ಲೇ ಕೂತಿದ್ದರು.

ಬೇಡದವು

ಫ್ಯಾನಿನ ಕೂಲಿಂಗ್ ಪ್ಯಾಡಿಗಿಂತ ಲ್ಯಾಪ್‌ಟಾಪಿನ ಹಿಂಭಾಗ ಎತ್ತಿಡುವುದು, ಒಳಗಿನ ಧೂಳು ತೆಗೆಸುವುದು ಮೇಲು. ಆಲೆಮನೆಯ ಹೊಗೆ ಹತ್ತಿರವಿರುವ ಊರುಗಳಲ್ಲಿ ಮಸಿ ಜಿಡ್ಡಾಗಿ ಫ್ಯಾನಿಗೆ ಹಿಡಿಯುತ್ತದೆ, ಅಲ್ಲಿ ವರ್ಷಕ್ಕೆರಡು ಸಲವಾದರೂ ಒಂದು ಕೈ ಬ್ಲೋವರಿನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದಿರಿ. ಕ್ಯಾಮೆರಾ ಮುಚ್ಚುವ ದಪ್ಪ ಪ್ಲಾಸ್ಟಿಕ್ ಬಿಲ್ಲೆ ಬೇಡ, ಮುಚ್ಚಳ ಹಾಕುವಾಗ ಪರದೆ ಸೀಳಬಹುದು. ತೆಳ್ಳನೆಯ ಟೇಪು ಸಾಕು.

ಎಲ್ಲಿ ಕೊಳ್ಳುವುದು, ಏನು ನೋಡುವುದು

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಅಗ್ಗ ಅಂತ ರೈಲು ಹತ್ತುವವರಿದ್ದಾರೆ. ಕೇಬಲ್ಲು, ಕೇಸು, ಮೌಸಿಗೆ ಸರಿ. ಯುಪಿಎಸ್, ಮಾನಿಟರ್, ಪ್ರಿಂಟರುಗಳನ್ನು ಮಂಡ್ಯದಲ್ಲೋ ಮೈಸೂರಿನಲ್ಲೋ ಕೊಳ್ಳಿ ಅಂತ ನನ್ನ ಸಲಹೆ. ಕೆಟ್ಟಾಗ ಹೊತ್ತುಕೊಂಡು ಹೋಗಬೇಕಾದ ದೂರವನ್ನೂ ಬೆಲೆಗೆ ಸೇರಿಸಿ ನೋಡಿ.

ಅಡಾಪ್ಟರ್, ಪವರ್ ಬ್ಯಾಂಕ್, ಪುಟ್ಟ ಯುಪಿಎಸ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದು, ಯಾವ ಸಾಮಾನಿನದು ಅಂತ ಬರುತ್ತದೆ. ಕೌಂಟರಿನ ಮುಂದೆ ನಿಂತೇ ನೋಡಬಹುದು, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ. ಜಿಎಸ್‌ಟಿ ಬಿಲ್ಲು ಕೇಳಿ ಪಡೆಯಿರಿ, ಸೀರಿಯಲ್ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಸಿ, ಮನೆಗೆ ಬಂದ ಕೂಡಲೇ ಫೋಟೊ ತೆಗೆಯಿರಿ. ಶಾಯಿಯಿಲ್ಲದೆ ಬಿಸಿಯಿಂದ ಅಚ್ಚಾಗುವ ಕಾಗದದ ಬಿಲ್ಲು ವಾರಂಟಿ ಮುಗಿಯುವ ಮೊದಲೇ ಬಿಳಿಯಾಗಿರುತ್ತದೆ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹಳೆಯ ಯುಪಿಎಸ್ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಇಳಿಸುತ್ತಾರೆ. ಒಳಗೆ ಸೀಸ ಇದೆ, ತಿಪ್ಪೆಗೆ ಎಸೆಯಬಾರದು.

ಎಲ್ಲ ತಂದಾದ ಮೇಲೆ ಒಂದು ಸಂಜೆ ಕೂತು ಪ್ರತಿ ಅಡಾಪ್ಟರಿನ ತಲೆಗೂ ಬಿಳಿ ಟೇಪು ಸುತ್ತಿ ಅದು ಯಾವುದರದು, ಎಷ್ಟು ವೋಲ್ಟು ಅಂತ ಬರೆಯಿರಿ. ಪಿನ್ನುಗಳು ಒಂದೇ ಥರ ಇರುತ್ತವೆ, ಕತ್ತಲಲ್ಲಿ 5 ವೋಲ್ಟಿನ ಹಬ್ಬಿಗೆ ರೂಟರಿನ 12 ವೋಲ್ಟು ಸಿಕ್ಕಿಸಿದರೆ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ. ಲ್ಯಾನ್ ಕೇಬಲ್ಲಿನ ತುದಿಗೆ ಕೆಂಪು ಟೇಪು ಸುತ್ತಿ. ಮೋಡ ಕಟ್ಟಿದಾಗ ಮನೆಯಲ್ಲಿ ನೀವಿಲ್ಲದಿದ್ದರೂ, ಗುಡುಗು ಶುರುವಾಗುವ ಮೊದಲೇ, ಆ ಕೆಂಪು ಕಂಡದ್ದನ್ನು ಕೀಳು ಅಂತ ಮಗುವಿಗೆ ಫೋನಿನಲ್ಲಿ ಹೇಳಬಹುದು.